ದೀರ್ಘ ಚಾರಣದ ಕೊನೆಯ ಹಂತ: ಇಬ್ಬರೂ ಒಟ್ಟಿಗೆ ಮುಗಿಸಲು ಒಂದು ಮಾರ್ಗದರ್ಶಿ

ವಾರಗಟ್ಟಲೆ, ತಿಂಗಳುಗಟ್ಟಲೆ ಜೊತೆಯಾಗಿ ನಡೆದ ಇಬ್ಬರು ಚಾರಣಿಗರಿಗೆ ಕೊನೆಯ ಕೆಲವು ದಿನಗಳು ಹಗುರವಾಗಿ ಕಾಣುವುದು ಸಹಜ. ಕಾಲು ಪಳಗಿರುತ್ತದೆ, ಟೆಂಟ್ ಹಾಕುವ ಕೆಲಸ ಮಾತಿಲ್ಲದೆ ಮುಗಿಯುತ್ತದೆ, ಯಾರು ನೀರು ತರಬೇಕು, ಯಾರು ಒಲೆ ಹಚ್ಚಬೇಕು ಎಂಬುದನ್ನು ಕೇಳುವ ಅಗತ್ಯವೇ ಇರುವುದಿಲ್ಲ. ಆದರೆ ದೇಹದಲ್ಲಿ ದಣಿವು ಅತಿ ಹೆಚ್ಚು ಕೂಡಿಕೊಂಡಿರುವುದೂ ಇದೇ ಹೊತ್ತಿನಲ್ಲಿ. ಬೂಟು ಸವೆದಿರುತ್ತದೆ, ಅನೇಕ ಹಾದಿಗಳಲ್ಲಿ ಋತುವೂ ಬದಲಾಗುವ ಹೊಸ್ತಿಲಲ್ಲಿರುತ್ತದೆ, ಮನಸ್ಸು ಮಾತ್ರ ಆಗಲೇ ಮನೆ ಸೇರಿರುತ್ತದೆ. ಇಬ್ಬರ ಮನಸ್ಸೂ ಒಂದೇ ವೇಗದಲ್ಲಿ ಮನೆ ಸೇರುವುದಿಲ್ಲ ಎಂಬುದೇ ಈ ಹಂತದ ನಿಜವಾದ ತೊಡಕು. ಒಬ್ಬರಿಗೆ ಬೇಗ ಮುಗಿಸುವ ತವಕವಿದ್ದರೆ ಇನ್ನೊಬ್ಬರಿಗೆ ಇಷ್ಟು ಬೇಗ ಮುಗಿಯಬಾರದಿತ್ತು ಎಂಬ ಸಂಕಟವಿರುತ್ತದೆ. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳದಿದ್ದರೆ ಅದು ನಡಿಗೆಯ ವೇಗದಲ್ಲಿ, ವಿಶ್ರಾಂತಿಗೆ ಕೂರುವ ಹೊತ್ತಿನಲ್ಲಿ, ಕೊನೆಗೆ ಸಣ್ಣಪುಟ್ಟ ಸಿಡುಕಿನಲ್ಲಿ ಹೊರಬರುತ್ತದೆ.

ಹಾಗಾಗಿ ಕೊನೆಯ ಭಾಗವನ್ನು ಉಳಿದ ಚಾರಣದ ಬಾಲವೆಂದು ಭಾವಿಸದೆ, ತನ್ನದೇ ಸಿದ್ಧತೆ ಬೇಕಾದ ಬೇರೆಯೇ ಪ್ರಯಾಣವೆಂದು ನೋಡಬೇಕು. ಒಟ್ಟು ದಾರಿಯ ಹತ್ತನೇ ಒಂದು ಭಾಗ ಉಳಿದಿರುವಾಗ ಈ ಸಿದ್ಧತೆ ಆರಂಭಿಸುವುದು ಸೂಕ್ತ. ಅಮೆರಿಕದ ಸುಮಾರು 3,500 ಕಿ.ಮೀ. ಉದ್ದದ ಅಪಲೇಚಿಯನ್ ಟ್ರೇಲ್‌ನಲ್ಲಿ ಅದು 350 ಕಿ.ಮೀ. ಆಗುತ್ತದೆ, 300 ಕಿ.ಮೀ. ಹಾದಿಯಲ್ಲಿ ಕೇವಲ 30 ಕಿ.ಮೀ., ಅಂದರೆ ಒಂದೆರಡು ದಿನದ ನಡಿಗೆ. ಅಷ್ಟು ಚಿಕ್ಕ ಹಾದಿಯಾದರೆ ಕೊನೆಯ ಮೂರು ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 1: ನಡಿಗೆ ನಿಜವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ

ಹಾದಿಯ ಕೊನೆಯ ಫಲಕ ಇರುವ ಜಾಗವೂ ನಿಮ್ಮ ನಡಿಗೆ ಮುಗಿಯುವ ಜಾಗವೂ ಬಹಳ ಸಲ ಒಂದೇ ಆಗಿರುವುದಿಲ್ಲ. ಅಪಲೇಚಿಯನ್ ಟ್ರೇಲ್‌ನ ಉತ್ತರದ ತುದಿ ಇರುವುದು ಮೇಯ್ನ್ ರಾಜ್ಯದ ಕಟಾಡಿನ್ ಪರ್ವತದ ನೆತ್ತಿಯಲ್ಲಿ, ಸುಮಾರು 1,600 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಏರುವ ದಾರಿ 8 ಕಿ.ಮೀ.ಗಿಂತ ತುಸು ಹೆಚ್ಚು. ಫಲಕವನ್ನು ಮುಟ್ಟಿದ ಮೇಲೆ ಅಷ್ಟೇ ಕಡಿದಾದ ಬಂಡೆಗಳ ಮೇಲೆ ಕೆಳಗಿಳಿಯುವ ಕೆಲಸ ಬಾಕಿ ಇರುತ್ತದೆ. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗಿನ ಸುಮಾರು 4,265 ಕಿ.ಮೀ. ಉದ್ದದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನ ಕಥೆ ಇನ್ನೂ ವಿಶೇಷವಾದುದು. ಅಲ್ಲಿನ ಉತ್ತರ ತುದಿಯ ಸ್ಮಾರಕ ಕಾಡಿನ ನಡುವೆ ಗಡಿರೇಖೆಯ ಮೇಲಿದೆ. ಹಿಂದೆ ಪರವಾನಗಿ ಪಡೆದವರು ಅಲ್ಲಿಂದ ಮುಂದುವರಿದು ಕೆನಡಾದ ಮ್ಯಾನಿಂಗ್ ಪಾರ್ಕ್‌ಗೆ ಹೋಗಿ ರಸ್ತೆ ಸೇರುತ್ತಿದ್ದರು. 2025ರ ಆರಂಭದಲ್ಲಿ ಕೆನಡಾ ಆ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಈಗ ಸ್ಮಾರಕ ತಲುಪಿದವರು ಬಂದ ದಾರಿಯಲ್ಲೇ ಸುಮಾರು 48 ಕಿ.ಮೀ. ಹಿಂದಿರುಗಿ ಹಾರ್ಟ್ಸ್ ಪಾಸ್‌ನಲ್ಲಿ ರಸ್ತೆ ಸೇರಬೇಕು. ಈ ಬದಲಾವಣೆ ತಿಳಿಯದೆ ಸ್ಮಾರಕದವರೆಗಿನ ಲೆಕ್ಕದಲ್ಲಿ ಊಟ ಕಟ್ಟಿಕೊಂಡವರಿಗೆ ಎರಡು ದಿನಗಳ ಕೊರತೆ ಎದುರಾಗುತ್ತದೆ.

ನಿಮ್ಮ ಹಾದಿ ಯಾವುದೇ ಇರಲಿ, ಐದು ಸಂಗತಿಗಳನ್ನು ಒಂದೇ ಪುಟದಲ್ಲಿ ಬರೆದುಕೊಳ್ಳಿ: ಕೊನೆಯ ಫಲಕದಿಂದ ವಾಹನ ಸಿಗುವ ಜಾಗಕ್ಕೆ ಎಷ್ಟು ದೂರ, ಆ ದೂರದಲ್ಲಿ ಎಷ್ಟು ಏರು-ಇಳಿತ, ಅಲ್ಲಿ ಮೊಬೈಲ್ ಸಂಪರ್ಕ ಇದೆಯೇ, ಕೊನೆಯ ರಾತ್ರಿ ತಂಗಲು ಅನುಮತಿ ಬೇಕೇ, ಪ್ರವೇಶ ಯಾವ ದಿನಾಂಕದವರೆಗೆ ಮತ್ತು ಯಾವ ಹೊತ್ತಿನವರೆಗೆ ಇರುತ್ತದೆ. ಕಟಾಡಿನ್ ಪರ್ವತವಿರುವ ಬ್ಯಾಕ್ಸ್‌ಟರ್ ಸ್ಟೇಟ್ ಪಾರ್ಕ್‌ನಲ್ಲಿ ಅಕ್ಟೋಬರ್ ಮಧ್ಯಭಾಗದ ನಂತರ ತಂಗಲು ಬಿಡುವುದಿಲ್ಲ. ದೂರದಿಂದ ನಡೆದುಬಂದವರೂ ಅಲ್ಲಿ ಪ್ರತ್ಯೇಕ ಪರವಾನಗಿ ಪಡೆಯಬೇಕು. ಸ್ಪೇನಿನ ಸ್ಯಾಂಟಿಯಾಗೊಗೆ ನಡೆಯುವ ಯಾತ್ರಿಕರು ಪ್ರಮಾಣಪತ್ರ ಬಯಸಿದರೆ ಕನಿಷ್ಠ 100 ಕಿ.ಮೀ. ಕಾಲ್ನಡಿಗೆಯಲ್ಲಿ ಕ್ರಮಿಸಿರಬೇಕು, ಕೊನೆಯ ಭಾಗದಲ್ಲಿ ತಮ್ಮ ಯಾತ್ರಾ ಪುಸ್ತಿಕೆಯಲ್ಲಿ ದಿನಕ್ಕೆ ಎರಡು ಮೊಹರು ಹಾಕಿಸಿಕೊಂಡಿರಬೇಕು. ಪುಸ್ತಿಕೆ ತಲೆಗೊಂದು, ಜೊತೆಗಾರರ ಮೊಹರು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಇಂತಹ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಹೊರಡುವ ಮೊದಲು ಓದಿದ್ದನ್ನೇ ನಂಬದೆ ಕೊನೆಯ ಪಟ್ಟಣದಲ್ಲಿ ಸಂಪರ್ಕ ಸಿಕ್ಕಾಗ ಇನ್ನೊಮ್ಮೆ ನೋಡಿಕೊಳ್ಳಿ. ಈ ಕೆಲಸವನ್ನು ಇಬ್ಬರೂ ಬೇರೆ ಬೇರೆಯಾಗಿ ಮಾಡಿ, ಆಮೇಲೆ ಹೋಲಿಸಿ ನೋಡುವುದು ನನ್ನ ಪ್ರಕಾರ ಅತ್ಯುತ್ತಮ ವಿಧಾನ. ಒಬ್ಬರು ಕಣ್ತಪ್ಪಿಸಿದ್ದು ಇನ್ನೊಬ್ಬರಿಗೆ ಕಾಣುತ್ತದೆ.

ಹಂತ 2: ಒಂದು ಸಂಜೆ ಬಿಡುವು ಮಾಡಿಕೊಂಡು ಮಾತಾಡಿ

ಈ ಮಾತುಕತೆ ನಡೆಯುತ್ತ ನಡೆಯುತ್ತ ಆಗುವಂಥದ್ದಲ್ಲ. ನಡೆಯುವಾಗ ಮುಂದಿರುವವರಿಗೆ ಹಿಂದಿರುವವರ ಮುಖ ಕಾಣುವುದಿಲ್ಲ, ಏರಿನಲ್ಲಿ ಉಸಿರೂ ಸಾಲುವುದಿಲ್ಲ. ಹೊಟ್ಟೆ ತುಂಬಿದ ಮೇಲೆ, ಬೂಟು ಬಿಚ್ಚಿಟ್ಟು, ಬೆಳಕಿರುವಾಗಲೇ ಎದುರು ಬದುರು ಕುಳಿತುಕೊಳ್ಳಿ. ಹಸಿದವರು, ನೆನೆದವರು ಈ ಮಾತಿಗೆ ಕೂರಬಾರದು.

ಮೊದಲ ಪ್ರಶ್ನೆ: ಮುಗಿಯುವ ದಿನ ಹೇಗಿರಬೇಕೆಂದು ನೀವು ಅಂದುಕೊಂಡಿದ್ದೀರಿ? ಒಬ್ಬರು ಮುಂಜಾನೆಯ ಬೆಳಕಿನಲ್ಲಿ ಇಬ್ಬರೇ ಮೌನವಾಗಿ ತಲುಪುವುದನ್ನು ಕಲ್ಪಿಸಿಕೊಂಡಿರಬಹುದು. ಇನ್ನೊಬ್ಬರು ಮನೆಯವರನ್ನೆಲ್ಲ ಕೊನೆಯ ತಾಣಕ್ಕೆ ಕರೆಸಿಕೊಳ್ಳುವ ಯೋಚನೆಯಲ್ಲಿರಬಹುದು. ಎರಡೂ ನ್ಯಾಯವಾದ ಆಸೆಗಳೇ. ಆದರೆ ಎರಡನೆಯದು ಕೊನೆಯ ದಿನ ತಿಳಿದರೆ ಮೊದಲನೆಯವರಿಗೆ ತಮ್ಮದನ್ನು ಯಾರೋ ಕಿತ್ತುಕೊಂಡಂತೆ ಆಗುತ್ತದೆ. ಮೊದಲೇ ಗೊತ್ತಿದ್ದರೆ ದಾರಿ ಇದೆ: ಫಲಕವನ್ನು ಇಬ್ಬರೇ ತಲುಪಿ ಅರ್ಧ ಗಂಟೆ ಇದ್ದು, ಮನೆಯವರನ್ನು ರಸ್ತೆಯ ಬಳಿ ಭೇಟಿಯಾಗಬಹುದು.

ಎರಡನೆಯದು ವೇಗದ ಪ್ರಶ್ನೆ. ವಿಮಾನದ ಟಿಕೆಟ್, ರಜೆಯ ಕೊನೆಯ ದಿನ, ಕೈಯಲ್ಲಿ ಉಳಿದಿರುವ ಹಣ ಇವೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಿ. ಹಣ ಮುಗಿಯುತ್ತ ಬಂದಿದೆ ಎಂದು ಹೇಳಲು ನಾಚಿ, ಅದರ ಬದಲು ಬೇಗ ನಡೆಯೋಣ ಎಂದು ಒತ್ತಾಯಿಸುವವರು ಬಹಳ ಜನ. ಕಾರಣ ಗೊತ್ತಾದರೆ ಜೊತೆಗಾರರು ಹೊಂದಿಕೊಳ್ಳುತ್ತಾರೆ. ಗೊತ್ತಾಗದಿದ್ದರೆ ಆ ಒತ್ತಾಯ ಅಸಹನೆಯಾಗಿ ಕಾಣುತ್ತದೆ.

ಮೂರನೆಯದು ಕಷ್ಟದ ಪ್ರಶ್ನೆ, ಅದನ್ನು ತಪ್ಪಿಸಬೇಡಿ: ನಮ್ಮಲ್ಲಿ ಒಬ್ಬರಿಗೆ ಪೆಟ್ಟಾಗಿ ಮುಂದುವರಿಯಲು ಆಗದಿದ್ದರೆ ಇನ್ನೊಬ್ಬರು ಏನು ಮಾಡಬೇಕು? ಇದಕ್ಕೆ ಸರಿಯಾದ ಉತ್ತರ ಒಂದೇ ಎಂದೇನಿಲ್ಲ. ಇಬ್ಬರೂ ಗಟ್ಟಿಯಾಗಿರುವಾಗ ಕೊಟ್ಟ ಉತ್ತರಕ್ಕೆ ಒಂದು ಬೆಲೆ ಇದೆ. ಕಾಲು ಊದಿಕೊಂಡು ಕೂತವರು "ನೀನು ಹೋಗು" ಎಂದಾಗ ಅದು ಮನಸ್ಸಿನಿಂದ ಬಂದದ್ದೋ ದಾಕ್ಷಿಣ್ಯದಿಂದ ಬಂದದ್ದೋ ಎಂದು ಯಾರೂ ತಿಳಿಯಲಾರರು. ಸಾಧ್ಯವಿರುವ ಉತ್ತರಗಳು ಮೂರು: ಇಬ್ಬರೂ ನಿಲ್ಲಿಸಿ ಇನ್ನೊಮ್ಮೆ ಬಂದು ಉಳಿದದ್ದನ್ನು ಮುಗಿಸುವುದು, ಪೆಟ್ಟಾದವರನ್ನು ಸುರಕ್ಷಿತ ಸ್ಥಳಕ್ಕೆ ತಲುಪಿಸಿ, ಆರೈಕೆಯ ವ್ಯವಸ್ಥೆ ಆದ ನಂತರ ಇನ್ನೊಬ್ಬರು ಮುಂದುವರಿಯುವುದು, ಕೆಲವು ದಿನ ಕಾದು ನೋಡುವುದು. ಯಾವುದು ಒಪ್ಪಿಗೆ ಎಂಬುದನ್ನು ಇಬ್ಬರೂ ಹೇಳಿ, ಅದೇ ಪುಟದಲ್ಲಿ ಬರೆದಿಡಿ. ಮೂರರಲ್ಲಿ ಯಾವುದನ್ನೇ ಆರಿಸಿದರೂ, ಸಹಾಯ ತಲುಪುವ ಮುನ್ನ ಗಾಯಾಳುವನ್ನು ಒಂಟಿಯಾಗಿ ಬಿಟ್ಟು ಕೊನೆಯ ಫಲಕದತ್ತ ಹೋಗುವುದಂತೂ ಆಯ್ಕೆಯಲ್ಲ.

ಹಂತ 3: ದಿನಗಳ ಲೆಕ್ಕವನ್ನು ನಿಧಾನವಾಗಿ ನಡೆಯುವವರ ವೇಗದಲ್ಲಿ ಹಾಕಿ

ಕೊನೆ ಹತ್ತಿರವಾದಾಗ ದಿನಕ್ಕೆ 25 ಕಿ.ಮೀ. ನಡೆಯುತ್ತಿದ್ದವರು 35, 40 ಎಂದು ಏರಿಸಿಕೊಳ್ಳುವುದುಂಟು. ಒಂದೆರಡು ದಿನ ಅದು ನಡೆದೂ ಹೋಗುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಎಳೆಯಲ್ಪಡುತ್ತಲೇ ಭಾರ ತಡೆಯಬೇಕಾಗುವುದರಿಂದ ಅವುಗಳ ಎಳೆಗಳಿಗೆ ಸೂಕ್ಷ್ಮ ಹಾನಿಯಾಗುತ್ತದೆ. ಆದರೆ ನೋವು ತೀವ್ರವಾಗುವುದು 24ರಿಂದ 72 ಗಂಟೆಗಳ ನಂತರ. ಅಂದರೆ ಇಂದು ಓಡೋಡಿ ಇಳಿದದ್ದರ ಲೆಕ್ಕ ನಾಳೆ ಅಥವಾ ನಾಡಿದ್ದು ಚುಕ್ತಾ ಆಗುತ್ತದೆ, ಬಹುಶಃ ಕೊನೆಯ ಶಿಖರದ ಬುಡದಲ್ಲೇ.

ಲೆಕ್ಕಕ್ಕೆ ಒಂದು ಹಳೆಯ, ನಂಬಬಹುದಾದ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಆ ಸೂತ್ರದ ಪ್ರಕಾರ ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 20 ಕಿ.ಮೀ. ದೂರ, 900 ಮೀಟರ್ ಏರು ಇರುವ ದಿನಕ್ಕೆ ನಾಲ್ಕು ಗಂಟೆ ಮತ್ತು ಒಂದೂವರೆ ಗಂಟೆ ಸೇರಿ ಐದೂವರೆ ಗಂಟೆಯಾಯಿತು. ಇದರಲ್ಲಿ ವಿಶ್ರಾಂತಿಯಾಗಲಿ, ಬೆನ್ನಿನ ಭಾರವಾಗಲಿ, ಬಂಡೆ-ಕೆಸರುಗಳಾಗಲಿ ಸೇರಿಲ್ಲ. ಕೊನೆಯ ಹಂತದಲ್ಲಿ ಆ ಮೊತ್ತಕ್ಕೆ ಅರ್ಧದಷ್ಟನ್ನು ಸೇರಿಸಿ, ಎಂಟೂಕಾಲು ಗಂಟೆ ಎಂದು ಹಿಡಿಯುವುದು ಲೇಸು. ನಿಮ್ಮ ನಿಜವಾದ ವೇಗ ಈಗಾಗಲೇ ನಿಮಗೆ ಗೊತ್ತಿದೆ. ಕಳೆದ ವಾರದ ದಿನಗಳನ್ನು ಈ ಸೂತ್ರದೊಂದಿಗೆ ಹೋಲಿಸಿದರೆ ನಿಮಗೆ ಹೊಂದುವ ಹೆಚ್ಚುವರಿ ಎಷ್ಟು ಎಂಬುದು ಸಿಗುತ್ತದೆ.

ಆಮೇಲೆ ಒಂದು ದಿನವನ್ನು ಖಾಲಿ ಬಿಡಿ. ಹವಾಮಾನಕ್ಕೆ, ನೋವಿಗೆ, ಅಥವಾ ಸುಮ್ಮನೆ ಒಂದು ಹೊಳೆಯ ಪಕ್ಕ ಕೂರುವ ಆಸೆಗೆ ಆ ದಿನ ಬೇಕಾಗುತ್ತದೆ. ವಾಪಸ್ ಪ್ರಯಾಣದ ಟಿಕೆಟನ್ನು ಆ ಖಾಲಿ ದಿನವೂ ಕಳೆದ ನಂತರಕ್ಕೆ ಕಾಯ್ದಿರಿಸಿ. ತಪ್ಪಿಸಿಕೊಳ್ಳಲಾಗದ ಟಿಕೆಟ್ ಒಂದು ಜೇಬಿನಲ್ಲಿದ್ದರೆ ಮಂಜು ಮುಸುಕಿದ ಶಿಖರದ ಬುಡದಲ್ಲಿ ಸರಿಯಾದ ನಿರ್ಧಾರ ಹೊರಡುವುದು ಕಷ್ಟ.

ನಡೆಯುವಾಗ ನಿಧಾನದವರು ಮುಂದಿರಲಿ. ವೇಗದವರು ಮುಂದೆ ಹೋಗಿ ಕಾಯುವ ಪದ್ಧತಿಯಲ್ಲಿ ಅವರಿಗೆ ದೀರ್ಘ ವಿಶ್ರಾಂತಿ ಸಿಗುತ್ತದೆ, ಹಿಂದಿನವರು ತಲುಪುವ ಹೊತ್ತಿಗೆ ಅವರು ಎದ್ದು ನಿಂತಿರುತ್ತಾರೆ. ವಿಶ್ರಾಂತಿ ಹೆಚ್ಚು ಬೇಕಾದವರಿಗೇ ಅದು ಸಿಗದೆ ಹೋಗುತ್ತದೆ. ಮುಂದೆ ಹಿಂದೆ ನಡೆಯಲೇಬೇಕೆಂದಿದ್ದರೆ ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ, ಪ್ರತಿ ಹೊಳೆಯ ದಾಟಿನಲ್ಲೂ ಇಬ್ಬರೂ ಸೇರಿದ ನಂತರವೇ ಮುಂದುವರಿಯಬೇಕೆಂಬ ಒಪ್ಪಂದವಿರಲಿ.

ಹಂತ 4: ಪ್ರತಿ ಸಂಜೆ ಪರಸ್ಪರರ ಪಾದ ನೋಡಿ

ಈ ಹಂತದ ಮೇಲೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಕೊನೆಯ ದಿನಗಳಲ್ಲಿ ಜನ ನೋವನ್ನು ಮುಚ್ಚಿಡುತ್ತಾರೆ. ಇಷ್ಟು ದೂರ ಬಂದು ಈಗ ನನ್ನಿಂದಾಗಿ ನಿಲ್ಲಬಾರದು ಎಂಬ ಭಾವ ಒಳ್ಳೆಯವರಲ್ಲೇ ಹೆಚ್ಚು.

ಒಬ್ಬರು ಕಾಲು ಚಾಚಿ ಕೂರಲಿ, ಇನ್ನೊಬ್ಬರು ಹೆಡ್‌ಲ್ಯಾಂಪ್ ಹಚ್ಚಿಕೊಂಡು ನೋಡಲಿ. ಬೆರಳುಗಳ ನಡುವೆ ಬಿಳಿಚಿಕೊಂಡು ಮೆತ್ತಗಾದ ಚರ್ಮ, ಹಿಮ್ಮಡಿಯ ಅಂಚಿನ ಸೀಳು, ಉಗುರಿನ ಕೆಳಗಿನ ಕಪ್ಪು, ಗುಳ್ಳೆಯ ಸುತ್ತ ಹರಡುತ್ತಿರುವ ಕೆಂಪು ಇವನ್ನು ತಮ್ಮ ಪಾದದಲ್ಲಿ ತಾವೇ ನೋಡಿಕೊಳ್ಳುವುದು ದಣಿದವರಿಗೆ ಆಗದ ಕೆಲಸ. ಕೆಂಪು ಎಲ್ಲಿಯವರೆಗಿದೆ ಎಂದು ಪೆನ್ನಿನಿಂದ ಗೆರೆ ಎಳೆದಿಡಿ; ಮರುದಿನ ಸಂಜೆ ಅದು ಗೆರೆ ದಾಟಿದ್ದರೆ ಸೋಂಕು ಹರಡುತ್ತಿದೆಯೆಂದು ಭಾವಿಸಿ ವೈದ್ಯರತ್ತ ಹೊರಡಬೇಕು. ಜ್ವರವೂ ಸೇರಿಕೊಂಡರೆ ಮರುದಿನದವರೆಗೆ ಕಾಯಬೇಡಿ.

ಇನ್ನು ಮೂಳೆ. ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಒಳ ಅಂಚಿನ ಉದ್ದಕ್ಕೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಬನ್ನಿ. ಗೇಣುದ್ದದ ಜಾಗದಲ್ಲಿ ಹರಡಿದ ನೋವಿದ್ದರೆ ಅದು ಸಾಮಾನ್ಯವಾಗಿ ಅತಿಬಳಕೆಯಿಂದಾದ ಉರಿಯೂತ; ನಡಿಗೆ ಕಡಿಮೆ ಮಾಡಿ, ಭಾರ ಇಳಿಸಿದರೆ ಬಹುಮಟ್ಟಿಗೆ ತಹಬಂದಿಗೆ ಬರುತ್ತದೆ. ಬೆರಳಿನ ತುದಿಯಿಂದ ಮುಚ್ಚಬಹುದಾದ ಒಂದೇ ಬಿಂದುವಿನಲ್ಲಿ ಚುಚ್ಚಿದಂತಹ ನೋವಿದ್ದು, ನಡೆದಷ್ಟೂ ಹೆಚ್ಚಾಗಿ, ರಾತ್ರಿ ಮಲಗಿದಾಗಲೂ ಉಳಿದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುವ ಸಾಧ್ಯತೆ ಇದೆ. ಪಾದದ ಮೇಲ್ಭಾಗದಲ್ಲಿ, ಬೆರಳುಗಳ ಹಿಂದಿನ ಉದ್ದ ಮೂಳೆಗಳಲ್ಲೂ ಇಂತಹ ಬಿರುಕು ಸಾಮಾನ್ಯ. ಅದರ ಮೇಲೆ ಭಾರ ಹೊತ್ತು ನಡೆದರೆ ಬಿರುಕು ಪೂರ್ಣ ಮುರಿತವಾಗಬಹುದು. ಇಲ್ಲಿ ನೋವುನಿವಾರಕ ನುಂಗಿ ಮುಂದುವರಿಯುವುದು ತಪ್ಪು. ಉಳಿದದ್ದು 20 ಕಿ.ಮೀ. ಆಗಿದ್ದರೂ ತಪ್ಪೇ. ಹಾದಿ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಪಾದದ ಜೊತೆಗೆ ನಡವಳಿಕೆಯನ್ನೂ ಗಮನಿಸಿ. ಎತ್ತರದಲ್ಲಿ, ಮಳೆ-ಗಾಳಿಯಲ್ಲಿ ದೇಹದ ಉಷ್ಣತೆ ಇಳಿಯತೊಡಗಿದವರಿಗೆ ಅದು ತಾವಾಗಿ ತಿಳಿಯುವುದಿಲ್ಲ. ಮಾತು ತೊದಲುವುದು, ಹೆಜ್ಜೆ ತಡವರಿಸುವುದು, ಚೀಲದ ಜಿಪ್ ಎಳೆಯಲು ಬೆರಳು ಒದಗದಿರುವುದು, ಕಾರಣವಿಲ್ಲದೆ ಗೊಣಗುವುದು ಇವು ಮೊದಲ ಸೂಚನೆಗಳು. ಹೊಟ್ಟೆಯಲ್ಲಿ ಕೊಬ್ಬಿನ ದಾಸ್ತಾನು ಕರಗಿಹೋಗಿರುವ ದೀರ್ಘ ಚಾರಣಿಗರಿಗೆ ಚಳಿ ಮೊದಲಿಗಿಂತ ಬೇಗ ತಾಗುತ್ತದೆ. ಇಂತಹ ಲಕ್ಷಣ ಕಂಡರೆ "ಹುಷಾರಿದ್ದೀಯಾ?" ಎಂದು ಕೇಳಿ ಸಮಾಧಾನಪಡಬೇಡಿ, "ಹೂಂ" ಎಂಬ ಉತ್ತರವೇ ಬರುತ್ತದೆ. ನಿಲ್ಲಿಸಿ, ಗಾಳಿಯ ಮರೆಗೆ ಕರೆತನ್ನಿ, ಒದ್ದೆ ಬಟ್ಟೆ ಬದಲಿಸಿ, ಎಚ್ಚರವಾಗಿದ್ದು ನುಂಗಬಲ್ಲವರಾದರೆ ಬಿಸಿಯಾದ ಸಿಹಿ ಪಾನೀಯ ಕೊಡಿ.

ಹಂತ 5: ಚೀಲ, ಬೂಟು, ಊಟ

ಕೊನೆಯ ಪಟ್ಟಣದಲ್ಲಿ ಸಾಮಾನು ಹಗುರ ಮಾಡಿಕೊಳ್ಳುವ ಆಸೆ ಬಲವಾಗಿರುತ್ತದೆ. ಬಳಸದ ಬಟ್ಟೆ, ಓದಿ ಮುಗಿಸಿದ ಪುಸ್ತಕ, ಎರಡನೆಯ ಪಾತ್ರೆ ಇವನ್ನು ಅಂಚೆಯಲ್ಲಿ ಮನೆಗೆ ಕಳಿಸಿ. ಮಳೆಯಂಗಿ, ಬೆಚ್ಚನೆಯ ಪದರ, ಪ್ರಥಮ ಚಿಕಿತ್ಸೆಯ ಪೊಟ್ಟಣ, ಹೆಡ್‌ಲ್ಯಾಂಪ್ ಇವನ್ನು ಮಾತ್ರ ಕಳಿಸಬೇಡಿ.

ಜೋಡಿಯಾಗಿ ನಡೆಯುವವರ ವಿಶೇಷ ಅಪಾಯವೊಂದಿದೆ. ಭಾರ ಹಂಚಿಕೊಳ್ಳುವ ಭರದಲ್ಲಿ ಟೆಂಟಿನ ಬಟ್ಟೆ ಒಬ್ಬರಲ್ಲಿ, ಕಂಬಗಳು ಇನ್ನೊಬ್ಬರಲ್ಲಿ. ಒಲೆ ಇಲ್ಲಿ, ಗ್ಯಾಸ್ ಡಬ್ಬಿ ಅಲ್ಲಿ. ನೀರಿನ ಫಿಲ್ಟರ್ ಒಂದೇ. ಇಬ್ಬರೂ ಒಟ್ಟಿಗಿರುವವರೆಗೆ ಇದು ಜಾಣತನ. ಮಂಜಿನಲ್ಲಿ ಒಂದು ಕವಲು ತಪ್ಪಿದರೆ ಇಬ್ಬರ ಬಳಿಯೂ ಅರ್ಧರ್ಧ ಸಾಮಾನು ಉಳಿಯುತ್ತದೆ, ಎರಡೂ ನಿರುಪಯೋಗಿ. ಕೊನೆಯ ದಿನಗಳಲ್ಲಿ ವೇಗದ ವ್ಯತ್ಯಾಸ ಹೆಚ್ಚಾಗುವುದರಿಂದ ಬೇರ್ಪಡುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಟೆಂಟ್ ಪೂರ್ತಿಯಾಗಿ ಒಬ್ಬರಲ್ಲಿರಲಿ, ಇನ್ನೊಬ್ಬರಲ್ಲಿ ತುರ್ತಿಗಾಗುವ ಹಗುರವಾದ ಹೊದಿಕೆ ಚೀಲ ಅಥವಾ ಟಾರ್ಪಾಲಿನ್ ಇರಲಿ. ದೀಪ, ನಕ್ಷೆ, ಸೀಟಿ, ಒಂದು ದಿನದ ಊಟ, ನೀರು ಶುದ್ಧಿಯ ಮಾತ್ರೆ, ಬೆಂಕಿಪೊಟ್ಟಣ ಇವು ತಲೆಗೊಂದರಂತೆ ಇರಲೇಬೇಕು. ನಕ್ಷೆಯನ್ನು ಇಬ್ಬರ ಮೊಬೈಲಿನಲ್ಲೂ ಆಫ್‌ಲೈನ್ ಆಗಿ ಇಳಿಸಿಕೊಂಡಿರಬೇಕು. ಚಳಿಯಲ್ಲಿ ಬ್ಯಾಟರಿ ಬೇಗ ಕುಸಿಯುವುದರಿಂದ ರಾತ್ರಿ ಮೊಬೈಲನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಸೀಟಿಯ ಸಂಕೇತವನ್ನೂ ಒಮ್ಮೆ ನೆನಪು ಮಾಡಿಕೊಳ್ಳಿ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿದರೆ ಅದು ಪರ್ವತ ಪ್ರದೇಶಗಳಲ್ಲಿ ಬಳಕೆಯಲ್ಲಿರುವ ಸಹಾಯದ ಕರೆ, ನಿಮಿಷಕ್ಕೆ ಮೂರು ಸಲ ಊದುವುದು ಅದಕ್ಕೆ ಉತ್ತರ.

ಹಗುರ ಓಟದ ಬೂಟುಗಳು ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತವೆ. ಮುಗಿಯಿತಲ್ಲ ಎಂದು ಸವೆದ ಬೂಟಿನಲ್ಲೇ ಎಳೆಯುವುದು ರೂಢಿ. ಅಡಿಭಾಗದ ಹಲ್ಲುಗಳು ನುಣ್ಣಗಾಗಿದ್ದು, ಕೊನೆಯ ಭಾಗದಲ್ಲಿ ಒದ್ದೆ ಬಂಡೆಗಳ ಇಳಿಜಾರು ಇದ್ದರೆ ಬದಲಿಸಿಬಿಡಿ, ಆದರೆ ಕೊನೆಯ ದಿನಕ್ಕೆ ಮುಂಚಿತವಾಗಿ, ಕನಿಷ್ಠ ನಾಲ್ಕೈದು ದಿನ ನಡೆದು ಒಗ್ಗಿಸಿಕೊಳ್ಳುವಷ್ಟು ದಾರಿ ಉಳಿದಿರುವಾಗ. ತಿಂಗಳುಗಟ್ಟಲೆ ನಡೆದ ಪಾದ ಹಿಗ್ಗಿರುತ್ತದೆ. ಹೊರಡುವಾಗಿನ ಅಳತೆ ಈಗ ಬಿಗಿಯಾಗಬಹುದು.

ಊಟದ ಲೆಕ್ಕದಲ್ಲಿ ಇನ್ನೆರಡೇ ದಿನ ಎಂಬ ಉದಾಸೀನ ಬೇಡ. ಭಾರ ಹೊತ್ತು ದಿನವಿಡೀ ನಡೆಯುವವರಿಗೆ ದಿನಕ್ಕೆ 4,000 ಕ್ಯಾಲೊರಿ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟ ಮತ್ತು ಪ್ರೊಟೀನಿನಲ್ಲಿ ತಲಾ 4; ಭಾರ ಹೆಚ್ಚಿಸದೆ ಶಕ್ತಿ ಹೆಚ್ಚಿಸಲು ಬೀಜಗಳು, ಎಣ್ಣೆ, ಬೆಣ್ಣೆಯಂಥವು ಅನುಕೂಲ. ಇಬ್ಬರಿಗೂ ತಲಾ ಒಂದು ದಿನದ ಹೆಚ್ಚುವರಿ ಊಟ ಇರಲಿ. ಅಪಲೇಚಿಯನ್ ಟ್ರೇಲ್‌ನ ಉತ್ತರ ತುದಿಗೆ ಮುನ್ನ ಬರುವ ಸುಮಾರು 160 ಕಿ.ಮೀ. ಕಾಡಿನಲ್ಲಿ ಪಟ್ಟಣವೇ ಇಲ್ಲ. ಕೊನೆಯ ಭಾಗ ಸುಲಭವೆಂಬ ಊಹೆ ಅಲ್ಲಿ ಮೊದಲ ದಿನವೇ ಸುಳ್ಳಾಗುತ್ತದೆ. ನೀರನ್ನು ಕುದಿಸಿ ಕುಡಿಯುವ ಶಿಸ್ತನ್ನೂ ಸಡಿಲ ಬಿಡಬೇಡಿ: ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಊಟಕ್ಕೆ ಮುನ್ನ ಕೈಯನ್ನು ಸೋಪಿನಿಂದ ತೊಳೆಯಿರಿ, ಏಕೆಂದರೆ ಚಾರಣ ಹಾದಿಗಳಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್ ಸ್ಯಾನಿಟೈಸರಿಗೆ ಸುಲಭವಾಗಿ ಬಗ್ಗುವುದಿಲ್ಲ. ಒಂದೇ ಟೆಂಟಿನಲ್ಲಿ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬರಲು ತಡವಾಗದು.

ಹಂತ 6: ಕೊನೆಯ ದಿನ

ಬೆಳಗಾಗುವ ಮುನ್ನ ಎದ್ದು ಹೊರಡಿ. ಹಿಂದಿನ ರಾತ್ರಿಯೇ ಹಿಂತಿರುಗುವ ಸಮಯವೊಂದನ್ನು ನಿಗದಿ ಮಾಡಿರಬೇಕು: ಇಷ್ಟು ಗಂಟೆಯೊಳಗೆ ತಲುಪದಿದ್ದರೆ ಎಲ್ಲೇ ಇದ್ದರೂ ಇಳಿಯುವುದು. ತುದಿ ಶಿಖರದ ಮೇಲಿದ್ದರೆ, ಕತ್ತಲಾಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಈ ಸಮಯ ಕಂಡುಕೊಳ್ಳಿ. ಕಟಾಡಿನ್‌ನಂತಹ ಏರಿಗೆ ನೈಸ್ಮಿತ್ ಸೂತ್ರವೇ ಹತ್ತಿರ ಹತ್ತಿರ ನಾಲ್ಕು ಗಂಟೆ ಕೊಡುತ್ತದೆ. ಕೈಕಾಲು ಎರಡನ್ನೂ ಬಳಸಿ ಹತ್ತಬೇಕಾದ ಬಂಡೆಗಳ ಮೇಲೆ ಇಳಿಯಲು ಹತ್ತಿದಷ್ಟೇ ಹೊತ್ತು ಬೇಕೆಂದು ಹಿಡಿಯಿರಿ. ಇಬ್ಬರಲ್ಲಿ ಯಾರೊಬ್ಬರು ಸಾಕು ಎಂದರೂ ಇಳಿಯಬೇಕು, ಕಾರಣ ಕೇಳುವುದು ಕೆಳಗಿಳಿದ ಮೇಲೆ. ಈ ಒಂದು ನಿಯಮದಲ್ಲಿ ರಿಯಾಯಿತಿ ಕೂಡದು ಎಂಬುದು ನನ್ನ ದೃಢ ಅಭಿಪ್ರಾಯ.

ಕೊನೆಯ ಒಂದು ಕಿಲೋಮೀಟರಿನಲ್ಲಿ ವೇಗದವರ ಕಾಲು ತಾನಾಗಿ ಓಡತೊಡಗುತ್ತದೆ. ತಡೆದು ನಿಲ್ಲಿ. ಜೊತೆಗಾರರು ಬರುವವರೆಗೆ ಕಾದು, ಫಲಕವನ್ನು ಇಬ್ಬರೂ ಒಟ್ಟಿಗೆ ಮುಟ್ಟಿ. ಮೊದಲು ತಲುಪಿ ಹಿಂದಿರುಗಿ ನೋಡಿದವರಿಗೆ ಅದು ಕೆಲವು ನಿಮಿಷಗಳ ವ್ಯತ್ಯಾಸವಷ್ಟೇ, ಆದರೆ ಒಂಟಿಯಾಗಿ ಕೊನೆಯ ತಿರುವು ದಾಟಿ ಬಂದವರಿಗೆ ಅದು ವರ್ಷಗಟ್ಟಲೆ ನೆನಪಿರುತ್ತದೆ.

ಅಲ್ಲಿ ಮೊದಲು ಬೆಚ್ಚನೆಯ ಬಟ್ಟೆ ಹಾಕಿಕೊಳ್ಳಿ, ಏನಾದರೂ ತಿನ್ನಿ, ಆಮೇಲೆ ಫೋಟೊ. ಬೆವರು ಆರಿದ ಮೈ ಹತ್ತೇ ನಿಮಿಷದಲ್ಲಿ ನಡುಗತೊಡಗುತ್ತದೆ. ಅಳು ಬಂದರೆ ಬರಲಿ, ಏನೂ ಅನಿಸದಿದ್ದರೂ ಗಾಬರಿ ಬೇಡ; ಎರಡೂ ಸಾಮಾನ್ಯ, ಇಬ್ಬರಿಗೂ ಒಂದೇ ಹೊತ್ತಿಗೆ ಒಂದೇ ಭಾವ ಬರಬೇಕೆಂಬ ನಿಯಮವಿಲ್ಲ. ಇಳಿಯುವ ಮುನ್ನ ಬೂಟಿನ ದಾರಗಳನ್ನು ಬಿಗಿಯಾಗಿ ಕಟ್ಟಿ, ಬೆರಳು ಮುಂದಕ್ಕೆ ಜಾರದಂತೆ. ಕೋಲುಗಳನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ. ಇಳಿಯುವಾಗ ಹತ್ತುವಾಗಿನಷ್ಟೇ ನಿಗಾ ಬೇಕು, ಏಕೆಂದರೆ ಮನಸ್ಸಿನ ಬಿಗಿ ಸಡಿಲಿದ ಈ ಎರಡು ಮೂರು ಗಂಟೆಗಳಲ್ಲೇ ಕಾಲು ತಪ್ಪುವುದು ಸುಲಭ.

ಹಂತ 7: ಬೇರ್ಪಡುವ ಮುನ್ನ ಮುಗಿಸಬೇಕಾದ ಕೆಲಸಗಳು

ರಸ್ತೆ ತಲುಪಿದ ಕೂಡಲೇ, ನಿಮ್ಮ ಪ್ರಯಾಣದ ವಿವರ ಹೊಂದಿರುವ ತುರ್ತು ಸಂಪರ್ಕದವರಿಗೆ ಸುರಕ್ಷಿತವಾಗಿ ಮುಗಿಯಿತೆಂದು ತಿಳಿಸಿ. ಇದನ್ನು ಮರೆತರೆ ಶೋಧ ತಂಡ ಹೊರಡುವ ಸ್ಥಿತಿ ಬರಬಹುದು. ಪರವಾನಗಿಯ ಕಚೇರಿಯಲ್ಲೋ ಕೊನೆಯ ತಂಗುದಾಣದಲ್ಲೋ ಹೆಸರು ಬರೆಸಿದ್ದರೆ ಅಲ್ಲೂ ಹೊರಬಂದದ್ದನ್ನು ನಮೂದಿಸಿ.

ಹಂಚಿಕೊಂಡ ಖರ್ಚಿನ ಲೆಕ್ಕವನ್ನು ಅದೇ ದಿನ ಅಥವಾ ಮರುದಿನ ಚುಕ್ತಾ ಮಾಡಿ. ಜಂಟಿಯಾಗಿ ಕೊಂಡ ಟೆಂಟ್, ಒಲೆ, ಫಿಲ್ಟರ್ ಯಾರಿಗೆ ಎಂಬುದನ್ನೂ ತೀರ್ಮಾನಿಸಿ. ಫೋಟೊಗಳನ್ನು ಪೂರ್ತಿಯಾಗಿ ವಿನಿಮಯ ಮಾಡಿಕೊಳ್ಳಿ. ನಿಮ್ಮ ಚಿತ್ರಗಳಲ್ಲಿ ಹೆಚ್ಚಿನವು ಜೊತೆಗಾರರ ಮೊಬೈಲಿನಲ್ಲೇ ಇರುತ್ತವೆ. ವಿಮಾನವೇರುವವರು ಗ್ಯಾಸ್ ಡಬ್ಬಿಯನ್ನು, ಅದು ಖಾಲಿಯೇ ಆಗಿರಲಿ, ಜೊತೆಗೆ ಒಯ್ಯುವಂತಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲಿರಬೇಕು, ಚೆಕ್-ಇನ್ ಸಾಮಾನಿನಲ್ಲಿ ಇಡಬಾರದು. ಟ್ರೆಕ್ಕಿಂಗ್ ಕೋಲುಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವುದು ಸುರಕ್ಷಿತ. ನ್ಯೂಜಿಲೆಂಡ್, ಆಸ್ಟ್ರೇಲಿಯಾದಂತಹ ದೇಶಗಳು ಒಳಬರುವವರ ಬೂಟು-ಟೆಂಟುಗಳಿಗೆ ಅಂಟಿದ ಮಣ್ಣನ್ನೂ ಬೀಜವನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸುತ್ತವೆ. ತೊಳೆದು, ಘೋಷಿಸಿಯೇ ಒಯ್ಯಿರಿ.

ಹಂತ 8: ಮನೆ ಸೇರಿದ ಮೇಲಿನ ತಿಂಗಳು

ಹಸಿವು ಚಾರಣದ ಪ್ರಮಾಣದಲ್ಲೇ ಕೆಲವು ವಾರ ಮುಂದುವರಿಯುತ್ತದೆ, ನಡಿಗೆ ಮಾತ್ರ ನಿಂತಿರುತ್ತದೆ. ಪ್ರಮಾಣವನ್ನು ಒಮ್ಮೆಲೇ ಕಡಿತ ಮಾಡದೆ ವಾರದಿಂದ ವಾರಕ್ಕೆ ಇಳಿಸುತ್ತ, ದಿನಕ್ಕೆ ಒಂದು ಗಂಟೆಯಾದರೂ ನಡೆಯಿರಿ. ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಹಿಮ್ಮಡಿ ನೋಯುವುದು, ಬೆರಳ ತುದಿ ಜೋಮು ಹಿಡಿದಂತಿರುವುದು ವಾರಗಳವರೆಗೆ ಉಳಿಯಬಹುದು. ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದರೆ ವೈದ್ಯರನ್ನು ಕಾಣಿ. ಟೆಂಟನ್ನು ಚೀಲದಿಂದ ಹೊರತೆಗೆದು ನೆರಳಿನಲ್ಲಿ ಪೂರ್ತಿ ಒಣಗಿಸಿಡಿ, ತೇವ ಉಳಿದರೆ ಅದರ ನೀರುನಿರೋಧಕ ಲೇಪ ಅಂಟಂಟಾಗಿ ಹಾಳಾಗುತ್ತದೆ. ಮಲಗುವ ಚೀಲವನ್ನು ಬಿಗಿಯಾಗಿ ಸುತ್ತದೆ ಸಡಿಲವಾಗಿ ಇಡಿ.

ಮನಸ್ಸು ಕುಗ್ಗುವುದು ಸಾಮಾನ್ಯವಾಗಿ ಮೊದಲ ವಾರದಲ್ಲಲ್ಲ, ಸಂಭ್ರಮವೆಲ್ಲ ಮುಗಿದು, ವಿಚಾರಿಸುವವರು ಕಡಿಮೆಯಾದ ಮೇಲೆ. ದಿನವಿಡೀ ಒಂದು ಸ್ಪಷ್ಟ ಗುರಿಯಿದ್ದ, ದೇಹ ಸತತವಾಗಿ ದುಡಿಯುತ್ತಿದ್ದ ಬದುಕು ಏಕಾಏಕಿ ನಿಂತದ್ದರ ಪರಿಣಾಮ ಅದು. ಮನೆಯವರಿಗೆ ಇದನ್ನು ವಿವರಿಸುವುದು ಕಷ್ಟ, ಜೊತೆಗೆ ನಡೆದವರಿಗೆ ವಿವರಿಸುವ ಅಗತ್ಯವೇ ಇರುವುದಿಲ್ಲ. ಆದರೆ ಅವರೂ ಅದೇ ಕುಗ್ಗಿನಲ್ಲಿದ್ದು, ಕರೆ ಮಾಡಲು ಹಿಂಜರಿಯುತ್ತಿರಬಹುದು. ಅದಕ್ಕಾಗಿ ಬೇರ್ಪಡುವಾಗಲೇ ಮೂರು ಕರೆಗಳ ದಿನಾಂಕ ಗೊತ್ತುಮಾಡಿಕೊಳ್ಳಿ: ಒಂದು ವಾರಕ್ಕೆ, ಮೂರು ವಾರಕ್ಕೆ, ಆರು ವಾರಕ್ಕೆ. ಎರಡು ವಾರಗಳಿಗಿಂತ ಹೆಚ್ಚು ಕಾಲ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಇದ್ದರೆ ವೈದ್ಯರ ಸಹಾಯ ಪಡೆಯುವಂತೆ ಒಬ್ಬರನ್ನೊಬ್ಬರು ಒತ್ತಾಯಿಸಲು ಮೊದಲೇ ಅನುಮತಿ ಕೊಟ್ಟುಕೊಂಡಿರಿ. ಮುಂದಿನ ಚಾರಣದ ಮಾತನ್ನು ಮೂರನೆಯ ಕರೆಯವರೆಗೆ ಎತ್ತದಿರುವುದು ಒಳ್ಳೆಯದು. ಅಷ್ಟರಲ್ಲಿ ಇಬ್ಬರ ಪಾದವೂ ಒಂದು ಮಟ್ಟಿಗೆ ಸುಧಾರಿಸಿರುತ್ತದೆ, ಮತ್ತೆ ಜೊತೆಯಾಗಿ ಹೊರಡುವ ಆಸೆ ಇಬ್ಬರಿಗೂ ಇದೆಯೇ ಎಂಬುದು ಸ್ಪಷ್ಟವಾಗಿರುತ್ತದೆ.